ಪಕ್ಕದ ಸೀಟಿನ ಬ್ರೇಕು

ನನ್ನ ಗಂಡನ ಕೈಗೆ ಸ್ಟಿಯರಿಂಗ್ ಕೊಡಬಾರದು ಎಂದು ನಾನು ತೀರ್ಮಾನಿಸಿದ್ದು ಕಾರು ಕೊಳ್ಳುವುದಕ್ಕೂ ಮೊದಲೇ. ಅದು ಅವರಿಗೂ ಗೊತ್ತಿತ್ತು. ಹಾಗಾಗಿ ಮಗಳ ಮನೆಯಲ್ಲಿ ಆ ವಾರವೆಲ್ಲ ನಾವಿಬ್ಬರೂ ಮುಖ ಊದಿಸಿಕೊಂಡೇ ಓಡಾಡುತ್ತಿದ್ದೆವು.

ಅವರು ಬಸ್ ಡ್ರೈವರ್. ಡ್ರೈವರ್ ಆಗಿದ್ದರು ಎನ್ನಬೇಕು, ಆದರೆ ಅವರೆದುರು ಆ ಮಾತಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಅವರ ಬಲಗೈ, ಬಲಗಾಲು ಹೇಳದೆ ಕೇಳದೆ ಮುಷ್ಕರ ಹೂಡಿದವು. ತನ್ನ ಊರಿನಲ್ಲಿ ದೊಡ್ಡ ಆಸ್ಪತ್ರೆ ಇದೆ ಎಂದು ಮಗಳು ಕರೆಸಿಕೊಂಡಳು. ತಿಂಗಳುಗಟ್ಟಲೆ ರಬ್ಬರ್ ಚೆಂಡು ಹಿಸುಕಿ, ಗೋಡೆ ಹಿಡಿದು ನಡೆದು, ಸಿಕ್ಕಿದವರ ಮೇಲೆಲ್ಲ ರೇಗಿ, ಕೊನೆಗೂ ಅವರು ಎದ್ದು ನಿಂತರು. ಡಾಕ್ಟರು ಕಣ್ಣು, ಕೈ, ಕಾಲು ಎಲ್ಲ ಪರೀಕ್ಷಿಸಿ "ಇನ್ನು ಗಾಡಿ ಓಡಿಸಬಹುದು" ಎಂದರು. ಅಂದಿನಿಂದ ಇವರದು ಒಂದೇ ರಾಗ.

"ಊರಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ನಮ್ಮನೆ ಮುಂದೆ ಡ್ರೈವರ್ ಬಾಗಿಲಿಂದ ಇಳೀತೀನಿ. ನಿನ್ನ ಪಕ್ಕ ಮೂಟೆ ಥರ ಕೂತ್ಕೊಂಡು ಹೋದ್ರೆ, ಆಮೇಲೆ ನಾನು ಸಾಯೋವರೆಗೂ ಮೂಟೆನೇ."

"ದೂರದ ದಾರಿ ರೀ. ಬೆಟ್ಟದ ರಸ್ತೆ, ಲಾರಿಗಳು. ನಡುವೆ ಕೈ ಸೋತ್ರೆ? ನೀವೊಬ್ರೇ ಅಲ್ಲ, ನಾನೂ ಇರ್ತೀನಿ ಒಳಗೆ."

"ಸೋತ್ರೆ ಹೇಳ್ತೀನಿ, ಆಗ ನೀನು ತಗೋ."

"ಸೋತ ಮೇಲೆ ಹೇಳೋಕೆ ಟೈಮ್ ಎಲ್ಲಿರುತ್ತೆ?"

ಇದನ್ನು ಹೇಳುವ ಹಕ್ಕು ನನಗಿದೆ ಎಂದು ನಾನು ನಂಬಿದ್ದೆ. ನಾನು ಡ್ರೈವಿಂಗ್ ಸ್ಕೂಲಿನ ಮೇಡಂ. ಬೇರೆಯವರ ಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲ ಕೆಳಗಿನ ಎರಡನೇ ಬ್ರೇಕಿನಿಂದ ಊರಿನ ಅರ್ಧ ಜನರ ಪ್ರಾಣ ಉಳಿಸಿದ್ದೇನೆ. ಬ್ಯಾಂಕಿನ ಮ್ಯಾನೇಜರು, ದಂತವೈದ್ಯೆ, ಮದುವೆಗೆ ಮುಂಚೆ ಕಲಿಯಲೇಬೇಕೆಂದು ಹಟ ಹಿಡಿದ ಹುಡುಗಿಯರು, ಎಲ್ಲರಿಗೂ ಬೈದಿದ್ದೇನೆ. ಈಗ ನನ್ನದೇ ಸ್ಕೂಲು ತೆರೆಯುವುದೆಂದು ನಿಶ್ಚಯಿಸಿದ್ದೆ. ಬೋರ್ಡು ಬರೆಸಿಯಾಗಿತ್ತು. ಬೇಕಾಗಿದ್ದದ್ದು ಒಂದು ಕಾರು, ಅದೂ ಇಂಥ ಊರಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಇಲ್ಲಿ ಕೊಂಡು ಅದರಲ್ಲೇ ಮನೆಗೆ ಹೋಗುವುದು ನಮ್ಮ ಲೆಕ್ಕಾಚಾರ.

ದಲ್ಲಾಳಿ ತೋರಿಸಿದ ಕಾರುಗಳಲ್ಲಿ ಒಂದರ ಬಾಗಿಲು ತೆಗೆದೊಡನೆ ನನಗೆ ಗೊತ್ತಾಯಿತು. ಪಕ್ಕದ ಸೀಟಿನ ಮುಂದೆ, ನೆಲದ ತಗಡಿನಲ್ಲಿ ಎರಡು ತೂತು, ರಬ್ಬರ್ ಬಿರಡೆ ಹಾಕಿ ಮುಚ್ಚಿತ್ತು. ಎರಡನೇ ಬ್ರೇಕು ಕೂರಿಸಿದ್ದ ಜಾಗ ಅದು. ಅದರ ಹಿಂದೆ ಮ್ಯಾಟಿನ ಮೇಲೆ ಒಂದು ಕುಳಿ. ಒಬ್ಬನೇ ಮನುಷ್ಯ ಒಂದೇ ಕಡೆ ಹಿಮ್ಮಡಿ ಊರಿ ಊರಿ ಆದ ಕುಳಿ. ನನ್ನ ಹಳೆಯ ಗಾಡಿಯಲ್ಲೂ ಅಂಥದ್ದೇ ಇತ್ತು. ದೂರದ ಊರಿನಲ್ಲಿ ನೆಂಟರು ಸಿಕ್ಕಂತೆ ಖುಷಿಯಾಯಿತು.

"ಸ್ಕೂಲ್ ಗಾಡಿ ಅಲ್ವಾ ಇದು?" ಎಂದೆ.

"ಹೂಂ ಮೇಡಂ, ಮಾಸ್ತರ ಗಾಡಿ. ಅವರು ತೀರ್ಕೊಂಡ ಮೇಲೆ ಮಗ ಆ ಪೆಡಲ್ ಎಲ್ಲ ಕಿತ್ತು ಗುಜರಿಗೆ ಹಾಕ್ದ," ಎಂದ ದಲ್ಲಾಳಿ. "ಆದ್ರೆ ಮೈ ನೋಡಿ, ಒಂದು ಗೀರಿಲ್ಲ. ಎಷ್ಟು ಜನ ಕಲ್ತರೋ ಇದ್ರಲ್ಲಿ, ಮಾಸ್ತರು ಪಕ್ಕದಲ್ಲಿದ್ದಾಗ ಒಂದು ನಾಯಿಗೂ ತಾಗಿಲ್ಲ."

ದಲ್ಲಾಳಿಗಳ ಮಾತು ನಾನು ನಂಬುವವಳಲ್ಲ, ಆದರೆ ನಿಜಕ್ಕೂ ಗೀರಿರಲಿಲ್ಲ. ಸ್ಕೂಲ್ ಗಾಡಿಗೆ ಗೀರಿಲ್ಲವೆಂದರೆ ಏನರ್ಥ ಎಂದು ನಮ್ಮ ಕಸುಬಿನವರಿಗೆ ಗೊತ್ತು. ಆ ಮಾಸ್ತರು ಜಗಳಗಂಟನೋ, ದೇವರೋ ಆಗಿರಬೇಕು. ಚೌಕಾಸಿ ಮಾಡಿ ಕೊಂಡೆ.

ಮಗಳ ಮನೆಯ ಹಿಂದಿನ ಬೀದಿಯಲ್ಲಿ ಒಂದು ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ ಮಾತಿನ ಮಲ್ಲ, ಕೆಲಸವೂ ಪರವಾಗಿಲ್ಲ. ಎಂಜಿನ್ ಆಯಿಲ್ ಬದಲಾಯಿಸಿ, ರೇಡಿಯೇಟರ್ ತೊಳೆಸಿ, ಸವೆದ ಎರಡು ಟೈರು ತೆಗೆಸಿ ಹೊಸದು ಹಾಕಿಸಿ, ಸ್ಟೆಪ್ನಿಗೆ ಗಾಳಿ ತುಂಬಿಸಿ, ಜ್ಯಾಕು ಕೆಲಸ ಮಾಡುತ್ತದೆಯೇ ಎಂದು ನಾನೇ ಎತ್ತಿ ನೋಡಿದೆ. ವೈಪರಿನ ರಬ್ಬರು ಬಿಸಿಲಿಗೆ ಸೀಳಿಹೋಗಿತ್ತು. "ಬಿಡಿಭಾಗದ ಅಂಗಡಿ ಇಲ್ಲೇ ಇದೆ, ನೀವೇ ತಂದ್ಬಿಡಿ ಮೇಡಂ, ಗಾಡಿ ಓಡ್ಸಿ ನೋಡ್ದಂಗೂ ಆಗುತ್ತೆ," ಎಂದ ಮೆಕ್ಯಾನಿಕ್. ಒಬ್ಬಳೇ ಹೊರಟೆ.

ಬೀದಿ ಮುಗಿದು ತಿರುವು ಬಂತು. ರಸ್ತೆ ಖಾಲಿ. ವೇಗ ತಗ್ಗಿಸಿ, ಎಡಕ್ಕೆ ತಿರುಗಿಸಲು ಹೊರಟೆ. ಆಗ ನನ್ನ ಕಾಲಿನ ಪಕ್ಕ ಬ್ರೇಕಿನ ಪೆಡಲು ತಾನಾಗಿ ಕೆಳಗೆ ಹೋಯಿತು.

ಅದು ಹೋದ ರೀತಿ ಹೇಳಬೇಕು. ಮೊದಲು ಮೆಲ್ಲಗೆ ಎರಡು ಸಲ ಮುಟ್ಟಿದಂತೆ, ಆಮೇಲೆ ಗಟ್ಟಿಯಾಗಿ, ಕೊನೆಯವರೆಗೂ. ಕಲಿಸುವವರು ಹಾಗೆಯೇ ಒತ್ತುವುದು. ಮೊದಲು ಶಿಷ್ಯನಿಗೆ ಎಚ್ಚರಿಕೆ, ಅವನು ಕೇಳದಿದ್ದರೆ ತಡೆ. ಪಕ್ಕದವರು ಒತ್ತಿದಾಗ ಶಿಷ್ಯನ ಕಡೆಯ ಪೆಡಲೂ ಇಳಿಯುತ್ತದೆ. ಆ ಇಳಿತವನ್ನು ನಾನು ಸಾವಿರಾರು ಜನರಿಗೆ ಉಣಿಸಿದ್ದೇನೆ, ನನ್ನ ಕಾಲ ಪಕ್ಕದಲ್ಲಿ ನೋಡಿದ್ದು ಅದೇ ಮೊದಲು. ಕಾರು ನಿಂತಿತು. ಪಕ್ಕದ ಸೀಟು ಖಾಲಿ. ಪೆಡಲು ಒಂದು ಗಳಿಗೆ ಕೆಳಗೇ ಇದ್ದು, ಸಮಾಧಾನವಾದಂತೆ ಮೇಲೆದ್ದಿತು.

ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು.

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಕೆಳಗಿಂದ ನೋಡಿದ. ಬ್ರೇಕ್ ಆಯಿಲ್ ಹೊಸದು ಹಾಕಿದ. ಪೆಡಲಿನ ಸ್ಪ್ರಿಂಗ್ ಬದಲಿಸಿದ. ಆಮೇಲೆ ತಾನೇ ಊರೆಲ್ಲ ಸುತ್ತಿ ಬಂದ.

"ಬೆಣ್ಣೆ ಥರ ಇದೆ ಮೇಡಂ. ನಿಮ್ಮ ಕಾಲೇ ತಗುಲಿರುತ್ತೆ."

"ನನ್ನ ಕಾಲಿಗೆ ಪೆಡಲ್ ಯಾವ್ದು ಅಂತ ಗೊತ್ತಿಲ್ವಾ?"

"ಅಯ್ಯೋ, ನಾನೆಲ್ಲಿ ಹಾಗಂದೆ," ಎಂದು ಅವನು ಕೈ ಒರೆಸಿಕೊಳ್ಳುತ್ತ ಒಳಗೆ ಹೋದ.

ಸಂಜೆ ನನ್ನವರು ಕೀಲಿ ಕೇಳಿದರು. ಪಕ್ಕದಲ್ಲಿ ನಾನು ಕೂತರೆ ಮಾತ್ರ ಎಂದೆ. ಅವರು ಓಡಿಸಿದರು. ನಿಧಾನವಾಗಿ, ಕನ್ನಡಿ ನೋಡುತ್ತ, ಕೈ ಸನ್ನೆ ಮಾಡಿ ದಾರಿ ಬಿಡುತ್ತ, ಹಳೆಯ ಬಸ್ಸಿನ ಗತ್ತಿನಲ್ಲೇ ಓಡಿಸಿದರು. ಬಲಗೈ ಮಾತ್ರ ಗೇರಿನಿಂದ ದೂರವಿರುವುದು ದೇವರ ದಯೆ ಎಂದು ಅವರೇ ನಕ್ಕರು. ತಪ್ಪು ಹುಡುಕಲೆಂದೇ ಕೂತಿದ್ದ ನನಗೆ ತಪ್ಪು ಸಿಗಲಿಲ್ಲ. ಬ್ರೇಕೂ ತಾನಾಗಿ ಒಮ್ಮೆಯೂ ಇಳಿಯಲಿಲ್ಲ.

"ನೋಡಿದ್ಯಾ? ಗಾಡಿ ಸರಿಯಾಗಿದೆ, ನಾನೂ ಸರಿಯಾಗಿದೀನಿ," ಎಂದರು ಇಳಿಯುತ್ತ. "ನಿನ್ನ ಕಾಲು ಮಾತ್ರ ದಾರಿಯುದ್ದಕ್ಕೂ ನೆಲ ತುಳೀತಾನೇ ಇತ್ತು."

ಮಾರನೇ ದಿನ ಬೆಳಿಗ್ಗೆ ಪೆಟ್ರೋಲು ತುಂಬಿಸಲು ಮತ್ತೆ ಒಬ್ಬಳೇ ಹೋದೆ. ಕಾರು ಶುರು ಮಾಡಿದ ಕೂಡಲೇ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎಂದು ಹೇಳುವ ದೀಪ. ಸೀಟಿನ ಮೇಲೆ ಚೀಲವಿಲ್ಲ, ಛತ್ರಿಯಿಲ್ಲ. ಅದು ಕುಂಯ್ ಕುಂಯ್ ಎಂದು ತಲೆ ತಿನ್ನತೊಡಗಿತು. ಬಗ್ಗಿ ಆ ಬೆಲ್ಟನ್ನು ಎಳೆದು ಸಿಕ್ಕಿಸಿದೆ. ಶಬ್ದ ನಿಂತಿತು. ಆದರೆ ಬೆಲ್ಟು ಸೀಟಿಗೆ ಅಂಟಿಕೊಳ್ಳಲಿಲ್ಲ. ನಡುವೆ ಒಂದು ಗೇಣು ಜಾಗ ಬಿಟ್ಟು, ಒಬ್ಬರ ಎದೆಯ ಮೇಲೆ ಹಾದುಹೋದಂತೆ ಬಿಗಿಯಾಗಿ ನಿಂತಿತು. ನೋಡುತ್ತ ಕೂತರೆ ಅದು ತುಸುವೇ ಏರುತ್ತಿತ್ತು, ಇಳಿಯುತ್ತಿತ್ತು. ಕಾರಿನಿಂದ ಇಳಿದು ಓಡಬೇಕಿತ್ತು, ಯಾರಾದರೂ ಬುದ್ಧಿ ಇದ್ದವರು ಓಡುತ್ತಿದ್ದರು.

ನಾನು ಗೇರು ಹಾಕಿದೆ. ಶಿಷ್ಯರಿಗೆ ಹೆದರಿ ಗೊತ್ತಿಲ್ಲದವಳು, ಇನ್ನೊಬ್ಬ ಮಾಸ್ತರಿಗೆ ಹೆದರುವುದೆಂದರೆ ನನ್ನ ಮರ್ಯಾದೆಯ ಪ್ರಶ್ನೆ ಎನಿಸಿತು.

ಆ ಬೆಳಿಗ್ಗೆ ಬ್ರೇಕು ಮೂರು ಕಡೆ ಇಳಿಯಿತು. ಶಾಲೆಯ ಗೋಡೆಯ ಪಕ್ಕ, ಔಷಧದ ಅಂಗಡಿಯ ಮುಂದೆ, ಮತ್ತೆ ಅದೇ ತಿರುವಿನಲ್ಲಿ. ಮೂರೂ ಕಡೆ ಎದುರಿಗೆ ಖಾಲಿ ರಸ್ತೆ. ಮೂರನೇ ಸಲ ನಾನು ಆ ಸೀಟಿನ ಕಡೆ ತಿರುಗಿಯೇಬಿಟ್ಟೆ.

"ಸ್ವಾಮಿ ಮಾಸ್ತರೇ, ನಾನು ನಿಮ್ಮ ಶಿಷ್ಯೆ ಅಲ್ಲ. ನಾನೂ ಮೇಡಮ್ಮೇ. ನೀವು ಹುಟ್ಟಿಸಿದಷ್ಟು ಡ್ರೈವರುಗಳನ್ನ ನಾನೂ ಹುಟ್ಟಿಸಿದೀನಿ. ನನ್ನ ಕೆಲಸದಲ್ಲಿ ಮೂಗು ತೂರಿಸ್ಬೇಡಿ."

ಬೆಲ್ಟು ಹಾಗೇ ನಿಂತಿತ್ತು. ಹಿಂದಿದ್ದ ಗಾಡಿಯವನು ಹಾರ್ನ್ ಹೊಡೆದ. ಪೆಡಲು ಮೇಲೇಳುವವರೆಗೂ ನಾನು ಕಾಯಬೇಕಾಯಿತು, ಕಾದೆ. ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಮಗಳು ಅಡುಗೆಮನೆಯಿಂದ "ಅಮ್ಮಾ, ನಿನಗೆ ನಿದ್ದೆ ಸಾಲ್ತಿಲ್ಲ" ಎಂದಳು. ನನ್ನವರು ಮಾತ್ರ ಬೇರೆಯೇ ಅರ್ಥ ಮಾಡಿಕೊಂಡರು.

"ಗೊತ್ತಾಯ್ತು ಬಿಡು. ಗಾಡಿಗೆ ದೆವ್ವ ಮೆಟ್ಟಿದೆ ಅಂದ್ರೆ ಗಂಡ ಓಡ್ಸಲ್ಲ ಅಂತ ಲೆಕ್ಕ. ನೀನು ನೇರವಾಗಿ ಹೇಳಿ ನೋಡ್ದೆ, ನಾನು ಒಪ್ಪಲಿಲ್ಲ, ಈಗ ಈ ದಾರಿ ಹಿಡ್ದೆ."

ಮೈ ಉರಿದುಹೋಯಿತು. "ಬನ್ನಿ ಹಾಗಾದ್ರೆ. ನಾನು ಓಡಿಸ್ತೀನಿ, ನೀವೇ ಪಕ್ಕದಲ್ಲಿ ಕೂತು ನೋಡಿ. ಬ್ರೇಕು ತಾನಾಗಿ ಇಳೀಲಿಲ್ಲ ಅಂದ್ರೆ ಊರಿನವರೆಗೂ ನೀವೇ ಓಡ್ಸಿ, ನಾನು ಕಮಕ್ ಕಿಮಕ್ ಅನ್ನಲ್ಲ."

"ಇಳಿದ್ರೆ?"

"ಇಳಿದ್ರೆ ಈ ಗಾಡಿ ಬೇಡ. ಬಸ್ಸಲ್ಲಿ ಹೋಗೋಣ, ಇಬ್ರೂ ಮೂಟೆಗಳೇ."

ಅವರು ಬಂದು ಕೂತರು. ಕೂತೊಡನೆ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಚಕ್ಕಳಮಕ್ಕಳ ಹಾಕಿಕೊಂಡರು. ಡ್ಯೂಟಿಯಿಲ್ಲದಾಗ ಮುಂದೆ ಕೂತರೆ ಅವರು ಮೊದಲಿಂದಲೂ ಹಾಗೆಯೇ. ಆಮೇಲೆ ಒಂದು ಸಲ ಮೈ ಸರಿಸಿಕೊಂಡರು.

"ಸೀಟು ಬೆಚ್ಚಗಿದೆಯಲ್ಲೇ. ಯಾರು ಕೂತಿದ್ರು?"

ಕಾರು ನೆರಳಲ್ಲಿ ನಿಂತಿತ್ತು. ನಾನು ಗಾಡಿ ಶುರು ಮಾಡಿದೆ.

ಅದೇ ಬೀದಿ, ಅದೇ ತಿರುವು. ಎಲ್ಲವನ್ನೂ ಪುಸ್ತಕದಲ್ಲಿರುವಂತೆ ಮಾಡಿದೆ. ಗೇರು ಇಳಿಸಿದೆ, ಇಂಡಿಕೇಟರ್ ಹಾಕಿದೆ, ಎಡಬಲ ನೋಡಿದೆ. ರಸ್ತೆ ಖಾಲಿ. ತಿರುಗಿಸಿದೆ. ಮೆಲ್ಲಗೆ ಎರಡು ಸಲ, ಆಮೇಲೆ ಗಟ್ಟಿಯಾಗಿ, ಪೆಡಲು ಇಳಿಯಿತು. ಕಾರು ನಿಂತಿತು.

"ನೋಡಿದ್ರಾ?" ಎಂದು ಕೂಗಿದೆ. ಗೆದ್ದ ಸಂತೋಷದಲ್ಲಿ ಹೆದರಿಕೆಯೂ ಮರೆತಿತ್ತು. "ನನ್ನ ಕಾಲು ನೋಡಿ ಎಲ್ಲಿದೆ! ರಸ್ತೆ ನೋಡಿ, ಒಂದು ನರಪಿಳ್ಳೆ ಇಲ್ಲ!"

ಅವರ ಮುಖ ಬಿಳಿಚಿಕೊಂಡಿತ್ತು. ನಿಧಾನವಾಗಿ ತಮ್ಮ ಕಡೆಯ ಗಾಜು ಇಳಿಸಿ, ತಲೆ ಹೊರಹಾಕಿ, ಯಾರಿಗೋ ಹೇಳಿದರು.

"ತಪ್ಪಾಯ್ತಮ್ಮ. ಹೋಗಿ, ಹೋಗಿ. ಮಗೂಗೆ ಏನೂ ಆಗ್ಲಿಲ್ಲ ತಾನೇ?"

ನಾನು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಆಗ ಒಬ್ಬ ಹೆಂಗಸು ಕಂಡಳು. ನಮ್ಮ ಬಾನೆಟ್ಟಿನ ಮೂಲೆಯ ಮೇಲೆ ಒಂದು ಕೈ ಊರಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಮಗುವಿನ ತಳ್ಳುಗಾಡಿ. ಅದರ ಚಕ್ರಕ್ಕೂ ನಮ್ಮ ಟೈರಿಗೂ ನಡುವೆ ಒಂದು ಚಪ್ಪಲಿಯಷ್ಟೂ ಜಾಗವಿರಲಿಲ್ಲ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ.

"ಎಲ್ಲಿಂದ ಬಂದ್ಲು?" ಎಂದೆ.

"ಎಲ್ಲಿಂದಲೂ ಬರ್ಲಿಲ್ಲ ಕಣೇ. ಮೊದ್ಲಿಂದಲೂ ಅಲ್ಲೇ ಇದ್ಲು. ನೀನು ಅವಳ ಕಡೆ ನೋಡಿದ್ದೆ ಕೂಡ. ನೋಡಿಯೂ ಹೊರಟೆ."

ಕಾರನ್ನು ಪಕ್ಕಕ್ಕೆ ಹಾಕಿಸಿದರು. ನನ್ನ ಬಲಗಣ್ಣನ್ನು ನನ್ನ ಅಂಗೈಯಿಂದಲೇ ಮುಚ್ಚಿಸಿ, ಮೂಗಿನ ನೇರಕ್ಕೆ ಎದುರಿನ ಕಂಬ ನೋಡುತ್ತಿರಲು ಹೇಳಿದರು. ಆಸ್ಪತ್ರೆಯಲ್ಲಿ ಅವರಿಗೆ ಇದನ್ನೆಲ್ಲ ಮಾಡಿಸಿದ್ದರು.

"ಎಡಗಡೆಯಿಂದ ಬೆರಳು ತರ್ತೀನಿ. ಕಂಡ ಕೂಡ್ಲೇ ಹೇಳು."

ನಾನು ಕಂಬ ನೋಡುತ್ತ ಕಾದೆ. ಏನೂ ಬರಲಿಲ್ಲ. "ತನ್ನಿ ಮತ್ತೆ, ಯಾಕೆ ಸುಮ್ನೆ ಕೂತ್ರಿ?" ಎಂದೆ. ಆಮೇಲೆ ಒಮ್ಮೆಲೇ ಬೆರಳು ಕಂಡಿತು. ಅದು ನನ್ನ ಮೂಗಿನ ಹತ್ತಿರವೇ ಇತ್ತು. ಅವರು ಅಳುತ್ತಿದ್ದರು.

"ನೀವು ಒತ್ತಿದ್ರಾ ಬ್ರೇಕು?" ಎಂದು ಕೇಳಿದೆ. ಬೇರೆ ಏನು ಕೇಳಬೇಕೆಂದು ತೋಚಲಿಲ್ಲ.

ಅವರು ತಮ್ಮ ಕಾಲು ತೋರಿಸಿದರು. ಇನ್ನೂ ಮಡಚಿಯೇ ಇದ್ದವು. ಅವುಗಳ ಕೆಳಗೆ, ಮ್ಯಾಟಿನ ಕುಳಿಯ ಮುಂದೆ, ಎರಡು ರಬ್ಬರ್ ಬಿರಡೆಗಳ ಹೊರತು ಏನೂ ಇರಲಿಲ್ಲ.

ಅಲ್ಲಿಂದ ಅವರೇ ಓಡಿಸಿದರು, ನೇರವಾಗಿ ಕಣ್ಣಿನ ಡಾಕ್ಟರ ಹತ್ತಿರ. ಡಾಕ್ಟರು ಯಂತ್ರದ ಮುಂದೆ ನನ್ನ ಗದ್ದ ಇರಿಸಿ ಬಹಳ ಹೊತ್ತು ನೋಡಿದರು. ಅಂಚಿನಿಂದ ದೃಷ್ಟಿ ಸವೆಯುತ್ತ ಬಂದಿದೆ, ವರ್ಷಗಳಿಂದ, ಎಡಗಡೆ ಹೆಚ್ಚು ಎಂದರು. ನೋವಿರುವುದಿಲ್ಲ, ಕಪ್ಪಾಗಿ ಕಾಣುವುದೂ ಇಲ್ಲ, ಇಲ್ಲದ ಕಡೆ ಮನಸ್ಸೇ ಖಾಲಿ ರಸ್ತೆ ಬರೆದುಕೊಳ್ಳುತ್ತದೆ ಎಂದರು. ಹನಿ ಹಾಕಿದರೆ ಉಳಿದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ. ಕೆಲಸ ಏನು ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

ನಾನು ಎಡಕಿಟಕಿಗೆ ಬೆನ್ನು ಕೊಟ್ಟು, ಶಿಷ್ಯರ ಕಡೆಗೇ ವಾಲಿ ಕೂತು ದುಡಿದವಳು. ಕಾಣದ್ದು ಯಾವತ್ತು ಶುರುವಾಯಿತೋ ತಿಳಿಯಲೇ ಇಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಆದರೂ ನನಗೆ ಕಣ್ಣಿಗಿಂತ ಬೋರ್ಡಿನ ಚಿಂತೆಯೇ ಹೆಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹೆಸರಿನ ಕೆಳಗೆ ದೊಡ್ಡ ಅಕ್ಷರದಲ್ಲಿ 'ಸುರಕ್ಷಿತ ಚಾಲನೆ' ಎಂದು ಬರೆಸಿದ್ದೆ. ಮಗಳು ತಬ್ಬಿಕೊಂಡು ಅತ್ತಳು. ಅವಳನ್ನು ಬೈದು ಮಲಗಲು ಕಳಿಸಿದೆ.

ಹೊರಡುವ ದಿನ ಮೆಕ್ಯಾನಿಕ್ ತಾನೇ ಬಂದು ಟೈರಿನ ಗಾಳಿ, ರೇಡಿಯೇಟರಿನ ನೀರು ನೋಡಿದ. ಗಾಜು ಒರೆಸಿದ. "ಬ್ರೇಕು ಹೇಗಿದೆ ಮೇಡಂ ಈಗ?" ಎಂದು ಕೇಳಿದ. "ಚೆನ್ನಾಗಿದೆ," ಎಂದೆ. ಡಿಕ್ಕಿಗೆ ಚೀಲಗಳು, ಹಿಂದಿನ ಸೀಟಿಗೆ ನೀರಿನ ಕ್ಯಾನು, ಹೊದಿಕೆ, ಔಷಧದ ಪೊಟ್ಟಣ ಹೋದವು. ಈಗ ಅದರಲ್ಲಿ ನನ್ನ ಹನಿಯೂ ಇತ್ತು.

ನಾನು ಹಿಂದಿನ ಬಾಗಿಲು ತೆಗೆದೆ.

"ಮುಂದೆ ಕೂತ್ಕೊಳ್ಳೇ," ಎಂದರು ನನ್ನವರು, ಆದರೆ ಜೋರು ಮಾಡಲಿಲ್ಲ.

"ಮುಂದೆ ಜಾಗ ಇಲ್ಲ."

ಮಗಳು ನಮ್ಮಿಬ್ಬರ ಮುಖ ನೋಡಿದಳು. ಅವರು ಡ್ರೈವರ್ ಸೀಟಿನಲ್ಲಿ ಕೂತು, ಬಗ್ಗಿ, ಪಕ್ಕದ ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದರು. ಅದು ಬಿಗಿಯಾಗಿ ನಿಂತಿತು. ಹಿಂದಿನಿಂದ ನನಗೆ ಅವರ ಬಲಭುಜ, ಸ್ಟಿಯರಿಂಗ್ ಮೇಲೆ ಗಟ್ಟಿಯಾಗಿ ಕೂತ ಆ ಕೈ ಕಾಣುತ್ತಿತ್ತು. ಅವರು ನೆಟ್ಟಗೆ ಕೂತಿದ್ದರು. ಒಂದು ವರ್ಷದ ನಂತರ ಅವರನ್ನು ಹಾಗೆ ನೋಡಿದೆ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

ಬೀದಿಗಳು ಮುಗಿದು ಹೆದ್ದಾರಿ ಸೇರುವ ಜಾಗ ಬಂತು. ಎಡಗಡೆ ಒಂದು ಸಾಮಾನು ಸಾಗಿಸುವ ವ್ಯಾನು ನಿಂತು ದಾರಿ ಮರೆಮಾಡಿತ್ತು. ಅವರು ಕಾರು ನಿಲ್ಲಿಸಿ, ಬಲಗಡೆ ನೋಡಿ, ಕೇಳಿದರು.

"ಎಡಗಡೆ ಖಾಲಿನಾ?"

"ಖಾಲಿ, ಬನ್ನಿ," ಎಂದೆ. ಬಾಯಿಂದ ತಾನಾಗಿ ಬಂತು. ಜೀವಮಾನವಿಡೀ ದಿನಕ್ಕೆ ಎಷ್ಟೋ ಸಲ ಆಡಿದ ಮಾತು, ಕುತ್ತಿಗೆ ತಿರುಗಿಸುವ ಮೊದಲೇ ಆಡಿಬಿಟ್ಟಿದ್ದೆ.

ಅವರ ಕಾಲು ಕ್ಲಚ್ಚಿನಿಂದ ಏಳುವುದು ತಿಳಿಯಿತು. ಎಂಜಿನ್ ಮುಲುಗಿತು. ಕಾರು ಕದಲಲಿಲ್ಲ. ಅದರ ಮೂತಿ ಮೆಲ್ಲಗೆ ಎರಡು ಸಲ ತಗ್ಗಿತು, ಆಮೇಲೆ ಗಟ್ಟಿಯಾಗಿ ನೆಲಕ್ಕೆ ಒತ್ತಿಕೊಂಡಿತು. ವ್ಯಾನಿನ ಮರೆಯಿಂದ ಒಂದು ಲಾರಿ ನುಗ್ಗಿ ಬಂದು, ನಮ್ಮ ಮುಂದಿನ ಗಾಜನ್ನೆಲ್ಲ ಧೂಳು ಮಾಡಿ ಹಾದುಹೋಯಿತು. ಇಡೀ ಕಾರು ಅಲುಗಿತು. ನೀರಿನ ಕ್ಯಾನು ಉರುಳಿ ನನ್ನ ಕಾಲಿಗೆ ಬಂದು ಬಡಿಯಿತು.

"ರೀ, ತಪ್ಪಾಯ್ತು," ಎಂದೆ. "ಅಭ್ಯಾಸಬಲ. ಇನ್ಮೇಲೆ ನನ್ನನ್ನ ಕೇಳ್ಬೇಡಿ."

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅಷ್ಟು ಮೆತ್ತಗೆ ಅವರು ನನ್ನೊಡನೆ ಯಾವತ್ತೂ ಮಾತಾಡಿದ್ದಿಲ್ಲ.

"ನಿನ್ನನ್ನ ಕೇಳ್ಲಿಲ್ಲ ಕಣೇ."